ಕವಿಮನೆತನವೊಂದರ ಅಚ್ಚುಕಟ್ಟು

ಬೇಲೂರಿನ ಬಾಡಿಗೆ ಮನೆಯನ್ನು ತೆರವು ಮಾಡಿ ಅರಸೀಕೆರೆಗೆ ಬಂದಾಗ ನನ್ನೊಡನೆ ಬಂದ ಸಾಮಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಕಾಗದವೇ ಆಗಿತ್ತು. ಪಿಎಚ್.ಡಿ. ಕಾಲದ ಟಿಪ್ಪಣಿ ಚೀಟಿಗಳೇ ಮೂರು ಚೀಲ. 2020ರಲ್ಲಿ ಕಾಲೇಜು ಮುಚ್ಚಿ, ಪಾಠವೂ ಮೌಲ್ಯಮಾಪನವೂ ಮನೆಯ ಊಟದ ಮೇಜಿಗೇ ಬಂದಾಗ ಈ ಚೀಲಗಳ ಮೇಲೆ ಎಲ್ಲರ ಕಣ್ಣೂ ಬಿತ್ತು. ಹಳೆಯ ಕಾಗದ ಕೊಳ್ಳುವವನಿಗೆ ಕೊಟ್ಟುಬಿಡಿ ಎಂಬುದು ಮನೆಯವರ ಸಲಹೆ. ಆ ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮನೆಯೇ ಕೆಲಸದ ಸ್ಥಳವಾಗಿದ್ದ ವಿದ್ವಾಂಸರು ನಮ್ಮ ಪರಂಪರೆಯಲ್ಲಿ ಹೊಸಬರಲ್ಲ. ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು ಎಂಬುದಕ್ಕೆ ಅವರು ಕಂಡುಕೊಂಡಿದ್ದ ದಾರಿ ಯಾವುದೆಂದು ನೋಡುವ ಮನಸ್ಸಾಯಿತು.

ಜೈನ ಮನೆಗಳಲ್ಲಿ ಇದಕ್ಕೊಂದು ತಿಥಿಯೇ ಇದೆ. ಪುಷ್ಪದಂತ, ಭೂತಬಲಿ ಆಚಾರ್ಯರ ಷಟ್ಖಂಡಾಗಮವು ಲಿಪಿಬದ್ಧವಾದ ಸ್ಮರಣೆಗೆ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಅಂದು ಗ್ರಂಥಗಳಿಗೆ ಪೂಜೆ ಸಲ್ಲುತ್ತದೆ. ಪೂಜೆಯ ಜೊತೆಗೆ ಕಟ್ಟುಗಳನ್ನು ಹೊರತೆಗೆದು ಧೂಳು ಕೊಡವುವುದು, ಹಳೆಯ ವಸ್ತ್ರ ಬಿಚ್ಚಿ ಹೊಸದನ್ನು ಸುತ್ತುವುದು ನಡೆಯುತ್ತದೆ. ಓಲೆಗರಿಯ ಕಾಲದಲ್ಲಿ ಇದು ಕೇವಲ ಆಚಾರವಾಗಿರಲಾರದು. ಹುಳು ಹಿಡಿದ ಗರಿ ಯಾವುದು, ದಾರ ಕಡಿದು ಅನುಕ್ರಮ ತಪ್ಪಿದ ಕಟ್ಟು ಯಾವುದು, ಹೊಸ ಗರಿಗೆ ಪ್ರತಿಮಾಡಿಸಲೇಬೇಕಾದದ್ದು ಯಾವುದು ಎಂಬುದು ಬಿಚ್ಚಿ ನೋಡಿದಾಗಲೇ ತಿಳಿಯುವುದು.

ಹೊಯ್ಸಳರ ಕಾಲದ ಒಂದು ಮನೆತನವನ್ನು ಈ ದೃಷ್ಟಿಯಿಂದ ನೋಡಬಹುದು. ಒಂದನೆಯ ನರಸಿಂಹನ ಕಾಲದಲ್ಲಿ ಕಟಕೋಪಾಧ್ಯಾಯನೆನಿಸಿದ್ದವನು ಸುಮನೋಬಾಣ. ಅವನ ಮಗ ಜನ್ನ, ವೀರಬಲ್ಲಾಳನ ಆಸ್ಥಾನಕವಿ. 1209ರಲ್ಲಿ ಯಶೋಧರಚರಿತೆಯನ್ನೂ 1230ರಲ್ಲಿ ಅನಂತನಾಥಪುರಾಣವನ್ನೂ ಮುಗಿಸಿದವನು. ಸುಮನೋಬಾಣನ ಅಳಿಯ ಮಲ್ಲಿಕಾರ್ಜುನ ಸೂಕ್ತಿಸುಧಾರ್ಣವದ ಸಂಕಲನಕಾರ. ಮಲ್ಲಿಕಾರ್ಜುನನ ಮಗನೇ ಶಬ್ದಮಣಿದರ್ಪಣದ ಕೇಶಿರಾಜ. ಸುಮನೋಬಾಣನ ಮಗಳ ಮಗ, ಜನ್ನನ ಸೋದರಳಿಯ ತಾನೆಂದು ಕೇಶಿರಾಜ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ದೋರಸಮುದ್ರದ ವಿಜಯಪಾರ್ಶ್ವ ಬಸದಿಗೆ ಜನ್ನ ದ್ವಾರವನ್ನು ಕಟ್ಟಿಸಿದನೆಂಬುದು ಸಾಹಿತ್ಯಚರಿತ್ರೆಗೆ ತಿಳಿದ ಸಂಗತಿ. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಇಂದಿಗೂ ನಿಂತಿರುವ ಪಾರ್ಶ್ವನಾಥ ಬಸದಿ ಅದೇ. ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ಅವರು ಹೊಳೆಯುವ ಕಂಬಗಳಲ್ಲಿ ಮುಖ ನೋಡಿಕೊಳ್ಳುತ್ತಾರೆ, ನಾನು ಜನ್ನನ ಮನೆ ಯಾವ ದಿಕ್ಕಿಗಿದ್ದಿರಬಹುದೆಂದು ಯೋಚಿಸುತ್ತೇನೆ.

ಮೂರು ತಲೆಮಾರು ಓದಿ ಬರೆದ ಈ ಮನೆತನದಲ್ಲಿ ಓಲೆಕಟ್ಟುಗಳಿಗೆ ಕೊರತೆಯಿದ್ದಿರಲಾರದು. ಆದರೆ ಉಳಿದದ್ದೇನು? ಸುಮನೋಬಾಣನದೆನ್ನಬಹುದಾದ ಒಂದು ಕೃತಿಯೂ ನಮಗೆ ಬಂದಿಲ್ಲ. ಕೇಶಿರಾಜ ತಾನು ಚೋಳಪಾಲಕಚರಿತ, ಸುಭದ್ರಾಹರಣ, ಪ್ರಬೋಧಚಂದ್ರ, ಕಿರಾತ ಮೊದಲಾದವನ್ನು ಬರೆದೆನೆನ್ನುತ್ತಾನೆ. ಅವೊಂದೂ ದೊರೆತಿಲ್ಲ. ಜನ್ನನ ಕಾವ್ಯಗಳನ್ನು ಬಿಟ್ಟರೆ ಉಳಿದುಬಂದವು ಮಲ್ಲಿಕಾರ್ಜುನನ ಸಂಕಲನ, ಕೇಶಿರಾಜನ ವ್ಯಾಕರಣ. ಎರಡೂ ಇತರರ ಮಾತನ್ನು ಆರಿಸಿ, ವಿಂಗಡಿಸಿ, ಒಂದು ಕ್ರಮದಲ್ಲಿ ಇಟ್ಟ ಗ್ರಂಥಗಳು. ಕಲಿಯುವವರಿಗೆ ಮತ್ತೆ ಮತ್ತೆ ಬೇಕಾದವು. ಆದ್ದರಿಂದಲೇ ಮತ್ತೆ ಮತ್ತೆ ಪ್ರತಿಯಾದವು ಎಂದು ನನ್ನ ಊಹೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆ ಈ ಗುಟ್ಟನ್ನು ಮೊದಲೇ ಅರಿತಿದ್ದಳು. ಪೆಟ್ಟಿಗೆಯಲ್ಲಿ ಭದ್ರವಾಗಿದ್ದುದಕ್ಕಿಂತ ಮನೆಯಿಂದ ಹೊರಗೆ ಹೋದದ್ದೇ ಹೆಚ್ಚು ಬಾಳಿತು.

ಸೂಕ್ತಿಸುಧಾರ್ಣವದ ಏರ್ಪಾಡು ಗಮನಾರ್ಹವಾದುದು. ಸಮುದ್ರ, ನಗರ, ಋತು, ಚಂದ್ರೋದಯ ಮೊದಲಾದ ಅಷ್ಟಾದಶ ವರ್ಣನೆಗಳೇ ಮಲ್ಲಿಕಾರ್ಜುನನಿಗೆ ಹದಿನೆಂಟು ಗೂಡುಗಳು. ಹಲವು ಕಾವ್ಯಗಳಿಂದ ಪದ್ಯಗಳನ್ನು ಬಿಡಿಸಿ ತಂದು ಆಯಾ ಗೂಡಿನಲ್ಲಿ ಇಟ್ಟ. ಒಂದನೆಯ ಗುಣವರ್ಮನ ಶೂದ್ರಕವಾಗಲಿ ಹರಿವಂಶವಾಗಲಿ ಇಂದು ಇಡಿಯಾಗಿ ಇಲ್ಲ. ಅವನ ಕವಿತೆಯ ರುಚಿ ನಮಗೆ ಸಿಗುವುದು ಇಂಥ ಸಂಕಲನಗಳ ಮೂಲಕ. ಆದರೆ ಪದ್ಯದ ಬುಡದಲ್ಲಿ ಕವಿಯ ಹೆಸರನ್ನು ಮಲ್ಲಿಕಾರ್ಜುನ ಬರೆಯಲಿಲ್ಲ. ರಾಜಸಭೆಯ ಓದುಗರಿಗೆ ಅದರ ಅಗತ್ಯವಿರಲಿಲ್ಲವೇನೊ. ಕೇಳಿದೊಡನೆ ಯಾರದೆಂದು ಗುರುತಿಸುವವರು ಅಲ್ಲಿದ್ದರು. ಆ ಕಿವಿಗಳು ಹೋದ ಮೇಲೆ ಪದ್ಯಗಳು ಅನಾಥವಾದವು. ಇವುಗಳ ಆಕರ ಹುಡುಕುವುದರಲ್ಲಿ ಇಪ್ಪತ್ತನೆಯ ಶತಮಾನದ ವಿದ್ವಾಂಸರು ಪಟ್ಟ ಪಾಡು ಸಂಶೋಧಕರಿಗೆಲ್ಲ ಗೊತ್ತು. ಕೇಶಿರಾಜನೂ ಗಜಗ, ಗುಣನಂದಿ, ಅಸಗ, ಗುಣವರ್ಮ, ಪೊನ್ನ, ಪಂಪರಾದಿಯಾಗಿ ತನಗೆ ಲಕ್ಷ್ಯವಾದ ಕವಿಗಳನ್ನು ಒಂದು ಪದ್ಯದಲ್ಲಿ ಒಟ್ಟಾಗಿ ಹೆಸರಿಸಿದನೇ ಹೊರತು ಯಾವ ಪ್ರಯೋಗ ಯಾರದು ಎಂದು ಸಾಮಾನ್ಯವಾಗಿ ಹೇಳಲಿಲ್ಲ. ತಂದೆ ಮಗ ಇಬ್ಬರೂ ಸಾಮಗ್ರಿಯನ್ನು ಅಚ್ಚುಕಟ್ಟು ಮಾಡಿದರು. ಅದು ಬಂದ ವಿಳಾಸವನ್ನು ಮಾತ್ರ ಬಿಟ್ಟರು.

ಇದನ್ನು ಅವರ ದೋಷವೆಂದು ತರಗತಿಯಲ್ಲಿ ಇಪ್ಪತ್ತು ವರ್ಷ ಹೇಳಿದ್ದೇನೆ. ಹೋದ ಶ್ರುತಪಂಚಮಿಯಂದು ಚೀಲಗಳನ್ನು ಬಿಚ್ಚಿ ಕುಳಿತಾಗ ತಲೆ ತಗ್ಗಿಸುವಂತಾಯಿತು. ನನ್ನ ಚೀಟಿಗಳಲ್ಲಿ ಬಹುಪಾಲಿಗೆ ಗ್ರಂಥದ ಹೆಸರೂ ಇಲ್ಲ, ಪುಟವೂ ಇಲ್ಲ. ಬರೆಯುವಾಗ ನೆನಪಿತ್ತು, ಬರೆಯಬೇಕೆನಿಸಲಿಲ್ಲ. ಅಂದಿನಿಂದ ದಿನಕ್ಕೆ ಹತ್ತು ಚೀಟಿಯಂತೆ ಆಕರ ಹುಡುಕಿ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಆಕರ ಸಿಕ್ಕಿದವನ್ನು ವಿಷಯವಾರು ಕಟ್ಟಿ ಇಬ್ಬರು ಸಂಶೋಧನ ವಿದ್ಯಾರ್ಥಿಗಳಿಗೆ ಕೊಟ್ಟಾಯಿತು. ಸಿಗದವು ಊಟದ ಮೇಜಿನ ಕೆಳಗೆ ಒಂದೂವರೆ ಚೀಲದಷ್ಟು ಇವೆ. ಹಳೆಯ ಕಾಗದದವನು ಪ್ರತಿ ಭಾನುವಾರ ಬೀದಿಯಲ್ಲಿ ಕೂಗಿಕೊಂಡು ಹೋಗುತ್ತಾನೆ.