ಮಾರಿಸ್ ಸಾಹುಕಾರನ ರುಜು

1781ರ ಆರಂಭದಲ್ಲಿ, ಬ್ರಿಟಿಷರ ವಿರುದ್ಧ ಕಾದುತ್ತಿದ್ದ ಅಮೆರಿಕದ 13 ಸಂಸ್ಥಾನಗಳ ಕಾಂಗ್ರೆಸ್ಸಿಗೆ ಸೈನ್ಯವಿತ್ತು, ಸೇನಾಪತಿಯಿದ್ದ, ಖಜಾನೆ ಮಾತ್ರ ಬರಿದಾಗಿತ್ತು. ತೆರಿಗೆ ಹಾಕುವ ಅಧಿಕಾರವೇ ಅದಕ್ಕಿರಲಿಲ್ಲ; ಸಂಸ್ಥಾನಗಳನ್ನು ಬೇಡಬೇಕು, ಕೊಟ್ಟಷ್ಟು ತೆಗೆದುಕೊಳ್ಳಬೇಕು. ಬೇಡಿ ಸಾಕಾಗಿ ನೋಟು ಅಚ್ಚು ಹಾಕಿತು. ಅದು 20 ಕೋಟಿ ಡಾಲರನ್ನೂ ಮೀರಿತು. 40 ಕಾಗದದ ಡಾಲರಿಗೆ ಒಂದು ಬೆಳ್ಳಿ ಡಾಲರೆಂದು 1780ರಲ್ಲಿ ಕಾಂಗ್ರೆಸ್ಸೇ ಒಪ್ಪಿಕೊಂಡಿತು. ಮರುವರ್ಷ ಆ ನೋಟನ್ನು ಮುಟ್ಟುವವರಿಲ್ಲ. ಆಗ ಹಣಕಾಸನ್ನು ಸಮಿತಿಗಳಿಂದ ಬಿಡಿಸಿ ಒಬ್ಬನೇ ವ್ಯಾಪಾರಿಗೆ ವಹಿಸಿದರು. ಅವನೇ ಫಿಲಡೆಲ್ಫಿಯಾದ ರಾಬರ್ಟ್ ಮಾರಿಸ್.

ನಾನು ದಾವಣಗೆರೆಯ ಮಂಡಿ ಗುಮಾಸ್ತರ ಮಗ. ಸಂಬಳ ತಿಂದದ್ದು ಜಿಲ್ಲಾ ಖಜಾನೆಯಲ್ಲಿ. ಅಪ್ಪನ ಮಂಡಿಯಲ್ಲಿ ಸಾಹುಕಾರರ ಒಂದು ಕೈಚೀಟಿ ಇದ್ದರೆ ಸಾಕು, ಲಾರಿಗಟ್ಟಲೆ ಮಾಲು ಉದ್ರಿಯಲ್ಲಿ ಹೊರಡುತ್ತಿತ್ತು. ನನ್ನ ಖಜಾನೆಯಲ್ಲಾದರೋ ಜಿಲ್ಲಾಧಿಕಾರಿಗಳೇ ಬಂದು ನಿಂತರೂ ಬಿಲ್ಲು ಪಾಸಾಗದೆ ಬಿಡಿಗಾಸು ಹೊರಡದು. ಈ ಎರಡು ರೀತಿಗಳನ್ನೂ ಒಂದೇ ಮೇಜಿನ ಮೇಲೆ ನಡೆಸಿದವನು ಮಾರಿಸ್. ಅದಕ್ಕೇ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ.

ಅವನು ಹುಟ್ಟಿದ್ದು 1734ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ. ತಂದೆ ಮೇರಿಲ್ಯಾಂಡಿನಲ್ಲಿ ಹೊಗೆಸೊಪ್ಪು ಖರೀದಿಸುವ ಏಜೆಂಟ್. ಹುಡುಗ ಹದಿಮೂರರ ಹೊತ್ತಿಗೆ ಅಲ್ಲಿಗೆ ಬಂದ. 1750ರಲ್ಲಿ ತಂದೆಯ ಗೌರವಕ್ಕೆಂದು ಹಡಗಿನವರು ತೋಪು ಹಾರಿಸಿದಾಗ ಅದರ ತುರುಕಲು ಬಡಿದು, ಆ ಗಾಯದಿಂದಲೇ ತಂದೆ ತೀರಿಕೊಂಡ. ಮಗ ಫಿಲಡೆಲ್ಫಿಯಾದ ವಿಲಿಂಗ್ ಮನೆತನದ ಕೋಠಿಯಲ್ಲಿ ಕೆಲಸ ಕಲಿತು, 1757ರಲ್ಲಿ ಆ ಮನೆಯ ಮಗ ಥಾಮಸ್ ವಿಲಿಂಗನ ಪಾಲುದಾರನೇ ಆದ. ಹಿಟ್ಟು, ಹೊಗೆಸೊಪ್ಪು ಹೊರಗೆ ಹೋಗುತ್ತಿತ್ತು. ಸಕ್ಕರೆ, ಬಟ್ಟೆ ಒಳಗೆ ಬರುತ್ತಿತ್ತು. ಗುಲಾಮರನ್ನು ತಂದು ಮಾರಿದ ಲಾಭವೂ ಆ ಕೋಠಿಯ ಲೆಕ್ಕದಲ್ಲಿತ್ತು. ಅವನ ಐಶ್ವರ್ಯದ ಮಾತು ಬಂದಾಗ ಇದನ್ನು ಬಿಟ್ಟು ಹೇಳಬಾರದು.

ಕ್ರಾಂತಿಗೆ ಧುಮುಕಿದವನಲ್ಲ ಅವನು, ಅಳೆದು ಸುರಿದು ಬಂದವನು. 1776ರ ಜುಲೈಯಲ್ಲಿ ಸ್ವಾತಂತ್ರ್ಯದ ಮತದಾನದಿಂದ ಹೊರಗುಳಿದ. ಆಗಸ್ಟಿನಲ್ಲಿ ಘೋಷಣೆಗೆ ರುಜು ಹಾಕಿದ. ಸರ್ಕಾರದ ಖರೀದಿಯಲ್ಲಿ ಸ್ವಂತ ಲಾಭ ಮಾಡಿಕೊಂಡನೆಂದು 1779ರಲ್ಲಿ ಥಾಮಸ್ ಪೇನ್ ಪತ್ರಿಕೆಯಲ್ಲಿ ಜಾಡಿಸಿದ. ಕಾಂಗ್ರೆಸ್ಸಿನ ಸಮಿತಿ ದೋಷವಿಲ್ಲವೆಂದಿತು. ಆದರೂ 1781ರಲ್ಲಿ ಹುದ್ದೆ ಒಪ್ಪುವ ಮುನ್ನ ಅವನು ಎರಡು ಷರತ್ತು ಹಾಕಿದ: ಸ್ವಂತ ವ್ಯಾಪಾರ ಬಿಡುವುದಿಲ್ಲ, ಸರ್ಕಾರದ ಹಣ ಮುಟ್ಟುವ ಯಾರನ್ನಾದರೂ ಕೆಲಸದಿಂದ ತೆಗೆಯುವ ಅಧಿಕಾರ ಬೇಕು. ಮೊದಲ ಷರತ್ತು ಕೇಳಿದರೆ ಇವತ್ತಿಗೂ ನನಗೆ ಇರುಸುಮುರುಸು. ಎರಡನೆಯದಕ್ಕೆ ಮಾತ್ರ ಮನಸಾರೆ ತಲೆದೂಗುತ್ತೇನೆ.

ಕಾಂಗ್ರೆಸ್ಸಿನ ಹೆಸರಿಗೆ ಬೆಲೆಯಿಲ್ಲದಾಗ ಅವನು ತನ್ನ ಹೆಸರನ್ನೇ ಚಲಾವಣೆಗೆ ಬಿಟ್ಟ. ತಾನೇ ಜಾಮೀನಾಗಿ ರುಜು ಹಾಕಿದ ಚೀಟಿಗಳು ‘ಮಾರಿಸ್ ನೋಟು’ಗಳೆಂದು ಪೇಟೆಯಲ್ಲಿ ಓಡಾಡಿದವು. ಆ ಬೇಸಿಗೆಯ ಕೊನೆಗೆ ವಾಷಿಂಗ್ಟನ್ನನ ಸೈನ್ಯ ನ್ಯೂಯಾರ್ಕ್ ಕಡೆಯಿಂದ ವರ್ಜೀನಿಯಾಕ್ಕೆ ಇಳಿಯಿತು. ದೋಣಿ, ಹಿಟ್ಟು, ಉಪ್ಪು ಹಾಕಿದ ಮಾಂಸ ಹೊಂದಿಸಿದವನು ಮಾರಿಸ್. ಸಿಪಾಯಿಗಳು ಒಂದು ತಿಂಗಳ ಸಂಬಳವನ್ನಾದರೂ ನಾಣ್ಯದಲ್ಲಿ ಕೊಡಿ ಎಂದು ಪಟ್ಟು ಹಿಡಿದಾಗ ಫ್ರೆಂಚ್ ಸೇನಾಪತಿ ರೋಷಾಂಬೋನಿಂದ 20,000 ಡಾಲರ್ ಕೈಗಡ ತಂದ. ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಶರಣಾಯಿತು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ, ದಂಡದ ಹಣಕ್ಕೆ ಒತ್ತೆಯಾಗಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕೊಂಡೊಯ್ದವನೂ ಇದೇ ಕಾರ್ನ್‌ವಾಲಿಸ್.

ಮೈಸೂರಿನ ಹೆಸರು ಈ ಕತೆಯಲ್ಲಿ ಇನ್ನೊಂದು ಕಡೆಯೂ ಬರುತ್ತದೆ. 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಾಂಕ್’ ಹಡಗನ್ನು ಸೆರೆಹಿಡಿದ ಪೆನ್ಸಿಲ್ವೇನಿಯಾದ ನೌಕೆಯ ಹೆಸರು ‘ಹೈದರ್ ಅಲಿ’. ಬ್ರಿಟಿಷರ ಹಗೆಯೆಂಬ ಒಂದೇ ನಂಟಿನಿಂದ ನಮ್ಮ ನವಾಬನ ಹೆಸರು ಅಲ್ಲಿಯ ಹಡಗು ಹತ್ತಿತ್ತು. ಸೆರೆಸಿಕ್ಕ ಹಡಗಿಗೆ ‘ಜನರಲ್ ವಾಷಿಂಗ್ಟನ್’ ಎಂದು ಹೊಸ ಹೆಸರಿಟ್ಟರು. ನೌಕಾಪಡೆಯ ಹೊಣೆಯೂ ಮಾರಿಸನದೇ ಆಗಿತ್ತು. ಆ ಹಡಗು 1783ರ ಮಾರ್ಚಿನಲ್ಲಿ ಫ್ರಾನ್ಸಿನಿಂದ ಸಾಲದ ನಗದನ್ನೂ ಸಂಧಾನದ ಸುದ್ದಿಯನ್ನೂ ಹೊತ್ತು ಫಿಲಡೆಲ್ಫಿಯಾಕ್ಕೆ ಮರಳಿತು.

ಬ್ಯಾಂಕ್ ಆಫ್ ನಾರ್ತ್ ಅಮೆರಿಕಾ ಕಟ್ಟಿದ್ದೂ ಅವನೇ. 1782ರ ಜನವರಿ 7ರಂದು ಬಾಗಿಲು ತೆರೆಯಿತು. ಅಧ್ಯಕ್ಷ ಹಳೆಯ ಪಾಲುದಾರ ವಿಲಿಂಗ್. ಗೊತ್ತುಮಾಡಿದ ಬಂಡವಾಳ 4,00,000 ಡಾಲರ್, ಜನ ಕೊಂಡ ಷೇರು ಅಲ್ಪ. ಫ್ರಾನ್ಸ್ ಕೊಟ್ಟ ಬೆಳ್ಳಿ ಬಾಸ್ಟನ್ನಿನಿಂದ ಎತ್ತಿನ ಬಂಡಿಗಳಲ್ಲಿ ಬಂದಿತ್ತು. ಅದರಲ್ಲಿ 2,54,000 ಡಾಲರನ್ನು ಸರ್ಕಾರದ ಪಾಲೆಂದು ತೊಡಗಿಸಿ, ಅದೇ ಬ್ಯಾಂಕಿನಿಂದ ಸರ್ಕಾರಕ್ಕೆ ಸಾಲ ಎತ್ತಿದ. ನಮ್ಮ ಆಡಿಟ್‌ನವರು ಕಂಡಿದ್ದರೆ ಪುಟಗಟ್ಟಲೆ ಆಕ್ಷೇಪಣೆ ಬರೆಯುತ್ತಿದ್ದರು. ಆದರೆ ಕೊಡು-ಕೊಳ್ಳು ನಿಂತೇಹೋಗಿದ್ದ ಪೇಟೆಯಲ್ಲಿ ಅದು ಮತ್ತೆ ಶುರುವಾಯಿತು.

ಒಬ್ಬನ ರುಜುವಿನ ಮೇಲೆ ದೇಶ ಎಷ್ಟು ದಿನ ನಡೆದೀತು? ಮಾರಿಸನಿಗೇ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. 1782ರ ಜುಲೈಯ ವರದಿಯಲ್ಲಿ ಅವನು ಕಾಂಗ್ರೆಸ್ಸಿಗೆ ಬರೆದದ್ದು ಅದನ್ನೇ. ಸಾಲ ತೀರಬೇಕಾದರೆ ಕಾಯಂ ವರಮಾನ ಬೇಕು. ಆಮದು ಸುಂಕದ ಜೊತೆಗೆ ಭೂಕಂದಾಯ, ತಲೆಗಂದಾಯ, ಮದ್ಯದ ಮೇಲೆ ಅಬಕಾರಿ ಹಾಕಿ ಎಂದ. ಆ ವರ್ಷಕ್ಕೆ ಸಂಸ್ಥಾನಗಳಿಂದ ಕೇಳಿದ್ದು 80 ಲಕ್ಷ ಡಾಲರ್. ವರ್ಷ ಮುಗಿಯುವಾಗ ಬಂದದ್ದು ನಾಲ್ಕು ಲಕ್ಷದ ಆಸುಪಾಸು. ನೂರಕ್ಕೆ ಐದು ಆಮದು ಸುಂಕಕ್ಕೂ ಪುಟ್ಟ ರೋಡ್ ಐಲೆಂಡ್ ಒಲ್ಲೆನೆಂದಿತು. ಎಲ್ಲ ಸಂಸ್ಥಾನಗಳೂ ಒಪ್ಪಬೇಕಾಗಿದ್ದರಿಂದ ಯೋಜನೆ ಬಿದ್ದುಹೋಯಿತು. 1784ರಲ್ಲಿ ಮಾರಿಸ್ ಹುದ್ದೆ ಬಿಟ್ಟ. ಕೇಂದ್ರಕ್ಕೆ ತೆರಿಗೆಯ ಅಧಿಕಾರ ದೊರೆತದ್ದು 1787ರ ಸಂವಿಧಾನದಿಂದ. ಅದಕ್ಕೂ ಅವನ ರುಜುವಿದೆ.

ದೇಶಕ್ಕೆ ಹೇಳಿದ ಬುದ್ಧಿಯನ್ನು ಸ್ವಂತ ಲೆಕ್ಕಕ್ಕೆ ಅವನು ಹಚ್ಚಲಿಲ್ಲ. ಸೆನೆಟರನಾಗಿದ್ದಾಗಲೇ ಸಾಲದ ಮೇಲೆ ಸಾಲ ಮಾಡಿ ಭೂಮಿ ಕೊಂಡ. 1795ರಲ್ಲಿ ಇಬ್ಬರು ಪಾಲುದಾರರೊಡನೆ ಕಟ್ಟಿದ ಕಂಪನಿಯ ಹೆಸರಿನಲ್ಲಿ 60 ಲಕ್ಷ ಎಕರೆಯಿತ್ತು. ಕೊಳ್ಳುವವರು ಬರಲಿಲ್ಲ, ಬಡ್ಡಿ ನಿಲ್ಲಲಿಲ್ಲ. ವಾಷಿಂಗ್ಟನ್ ನಗರದ ನಕ್ಷೆ ಬರೆದ ಲಾಂಫಾನಿಂದ ಕಟ್ಟಿಸಲು ಹೊರಟ ಅರಮನೆ ಅರ್ಧಕ್ಕೇ ನಿಂತು, ಊರವರ ಬಾಯಲ್ಲಿ ‘ಮಾರಿಸನ ಮರುಳು’ ಆಯಿತು. 1798ರ ಫೆಬ್ರವರಿಯಲ್ಲಿ ಸಾಲಗಾರರ ಜೈಲು. ವಾಷಿಂಗ್ಟನ್ ಅಲ್ಲಿಗೇ ಹೋಗಿ ಅವನೊಡನೆ ಊಟ ಮಾಡಿದ. ಹೊಸ ದಿವಾಳಿ ಕಾನೂನಿನ ಆಸರೆಯಿಂದ 1801ರಲ್ಲಿ ಹೊರಬಂದಾಗ ಅವನ ಹೆಸರಿನಲ್ಲಿದ್ದ ಸಾಲ ಸುಮಾರು 30 ಲಕ್ಷ ಡಾಲರ್.

1806ರಲ್ಲಿ ತೀರಿಕೊಳ್ಳುವ ತನಕ ಮನೆ ನಡೆದದ್ದು ಹೆಂಡತಿ ಮೇರಿಯ ಹಣದಿಂದ. ಮಾರಿದ ಜಮೀನಿನ ಮೇಲೆ ಆಕೆಗಿದ್ದ ಹಕ್ಕನ್ನು ಬಿಡಿಸಿಕೊಳ್ಳಲು ಹಾಲೆಂಡ್ ಲ್ಯಾಂಡ್ ಕಂಪನಿ ವರ್ಷಕ್ಕೆ 1,500 ಡಾಲರ್ ಕೊಡಲು ಒಪ್ಪಿತ್ತು. ಗೆಳೆಯ ಗುವರ್ನೀರ್ ಮಾರಿಸ್ ಮಧ್ಯೆ ನಿಂತು ಕೊಡಿಸಿದ್ದು ಅದು. ಮೊತ್ತ ಚಿಕ್ಕದು, ಆದರೆ ತಪ್ಪದೆ ಬರುವ ವರಮಾನ. 1782ರಲ್ಲಿ ದೇಶಕ್ಕಾಗಿ ಅವನು ಕೇಳಿದ್ದೂ ಅಷ್ಟನ್ನೇ.