ಹತ್ತಿರದ ಶಾಲೆ ಯಾರಿಗೆ ಹತ್ತಿರ?

ಭಾಗ 1/8

ಈ ಫೋಟೋ 2019ರ ಜೂನ್ ತಿಂಗಳದ್ದು. ಗೋಣಿಕೊಪ್ಪಲಿನ ಮಳೆ ನಿಮಗೆ ಗೊತ್ತಲ್ವಾ, ಬಟ್ಟೆ ಹೊರಗೆ ಒಣಗಲ್ಲ. ಅಡುಗೆಮನೆ ಒಲೆಯ ಮೇಲೆ ಹಗ್ಗ ಕಟ್ಟಿ ಅಮ್ಮ ಎರಡು ಯೂನಿಫಾರ್ಮ್ ಹಾಕಿದ್ದಾರೆ. ಒಂದಕ್ಕೆ ಟೈ ಇದೆ, ಅದು ನನ್ನದು. ಇನ್ನೊಂದು ಸರ್ಕಾರ ಕೊಟ್ಟಿದ್ದು, ಅದು ನನ್ನ ತಂಗಿಯದು.

ಅಪ್ಪ ಪಿಕಪ್ ಓಡಿಸ್ತಾರೆ. 2013ರಲ್ಲಿ ಆರ್‌ಟಿಇ ಸೀಟಿನಲ್ಲಿ ನಾನು ಖಾಸಗಿ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿದೆ, ಫೀಸ್ ಇಲ್ಲ. 2019ರಲ್ಲಿ ತಂಗಿ ಒಂದನೇ ಕ್ಲಾಸಿಗೆ ಬಂದಳು. ಅದೇ ಮನೆ, ಅದೇ ಆದಾಯ, ಅದೇ ರಸ್ತೆ. ಆದರೆ ಅವಳಿಗೆ ಅರ್ಜಿ ಹಾಕೋಕೂ ಆಗಲಿಲ್ಲ. ಯಾಕೆ ಅಂದ್ರೆ ನಡುವೆ ನಿಯಮ ಬದಲಾಗಿತ್ತು: ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಅಲ್ಲಿಗೇ ಹೋಗಬೇಕು.

"ಹತ್ತಿರದ ಶಾಲೆ" ಅನ್ನೋ ಮಾತು ಕೇಳೋಕೆ ಎಷ್ಟು ಚೆಂದ ಇದೆ! ಅದಕ್ಕೆ ದೊಡ್ಡ ಇತಿಹಾಸವೇ ಇದೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಅದನ್ನೇ ಈ ಸರಣಿಯಲ್ಲಿ ಬರೀತಿದ್ದೇನೆ. ಸ್ವಲ್ಪ ಉದ್ದ ಇದೆ, ನಿಧಾನಕ್ಕೆ ಓದಿ.

ಭಾಗ 2/8

ಮೊದಲು ಧಾರವಾಡಕ್ಕೆ ಹೋಗೋಣ. ವರ್ಷ 1856. ಆಗ ಧಾರವಾಡ ಬಾಂಬೆ ಪ್ರೆಸಿಡೆನ್ಸಿಯಲ್ಲಿತ್ತು. ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಮಹಾರ್ ಸಮುದಾಯದ ಒಬ್ಬ ಹುಡುಗ ಕೇಳಿದ. ಸೇರಿಸಿಕೊಳ್ಳಲಿಲ್ಲ. ಜೂನ್ ತಿಂಗಳಲ್ಲಿ ವಿಷಯ ಅರ್ಜಿಯಾಗಿ ಬಾಂಬೆ ಸರ್ಕಾರದ ಮುಂದೆ ಹೋಯಿತು.

ಗಮನಿಸಿ, ಅವನಿಗೆ ಶಾಲೆ ದೂರ ಇರಲಿಲ್ಲ. ಊರಲ್ಲೇ ಇತ್ತು. ಅದು ಸರ್ಕಾರದ ದುಡ್ಡಲ್ಲಿ ನಡೆಯೋ ಶಾಲೆ.

ಜುಲೈನಲ್ಲಿ ಸರ್ಕಾರದ ಉತ್ತರ ಬಂತು. ಅದರ ಸಾರ ಇಷ್ಟು: ಹುಡುಗನ ಕೋರಿಕೆಯಲ್ಲಿ ನ್ಯಾಯ ಇದೆ, ಆದರೆ ಒಬ್ಬನಿಗೋಸ್ಕರ ಉಳಿದ ಜಾತಿಗಳ ಮಕ್ಕಳ ಜೊತೆ ಅವನನ್ನ ಬಲವಂತವಾಗಿ ಕೂರಿಸಿದರೆ, ಶಾಲೆ ಬಹುಪಾಲು ಜನರಿಗೆ ಉಪಯೋಗಕ್ಕೆ ಬಾರದ ಹಾಗೆ ಆಗಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಉಳಿದ ಪೋಷಕರು ಮಕ್ಕಳನ್ನ ಬಿಡಿಸಿಕೊಂಡು ಹೋಗ್ತಾರೆ ಅನ್ನೋ ಭಯ.

ವಿಷಯ ಲಂಡನ್‌ವರೆಗೂ ಹೋಯಿತು. 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲಾ ವರ್ಗದವರಿಗೂ ಒಂದೇ ಅಂತ ಬರೆದರು. ಕಾಗದದಲ್ಲಿ ಬಾಗಿಲು ತೆರೆಯಿತು. ಕ್ಲಾಸಿನ ಒಳಗಿನ ಕಥೆಯೇ ಬೇರೆ. ಅದಾಗಿ ಮೂವತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಹುಟ್ಟಿದ ಅಂಬೇಡ್ಕರ್ ಅವರು, ಸತಾರಾದ ಶಾಲೆಯಲ್ಲಿ ಕೂರೋಕೆ ಮನೆಯಿಂದ ಗೋಣಿತಾಟು ತಗೊಂಡು ಹೋಗಬೇಕಿತ್ತು. ಧಾರವಾಡದ ಈ ಪ್ರಕರಣವನ್ನು ಅವರೇ 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ದಾಖಲಿಸಿದ್ದಾರೆ.

"ಬೇರೆ ಪೋಷಕರು ಬಿಟ್ಟು ಹೋಗ್ತಾರೆ." ಈ ಮಾತನ್ನ ನೆನಪಲ್ಲಿ ಇಟ್ಕೊಳ್ಳಿ. ಮುಂದೆ ಮತ್ತೆ ಮತ್ತೆ ಬರುತ್ತೆ.

ಭಾಗ 3/8

ಇದು ನಮ್ಮ ದೇಶದ ಜಾತಿಯ ಕಥೆ ಮಾತ್ರ ಅಂದ್ಕೋಬೇಡಿ. "ಹತ್ತಿರದ ಶಾಲೆ" ಅನ್ನೋ ಮಾತಿನ ಮೇಲೇ ಅಮೆರಿಕದಲ್ಲಿ ದೊಡ್ಡ ಜಗಳ ನಡೆದಿದೆ. ಅದನ್ನ ತಿಳ್ಕೊಂಡ್ರೆ ನಮ್ಮ 2019 ಚೆನ್ನಾಗಿ ಅರ್ಥ ಆಗುತ್ತೆ.

ಕ್ಯಾನ್ಸಸ್ ರಾಜ್ಯದ ಟೊಪೀಕಾ ಊರು. ಲಿಂಡಾ ಬ್ರೌನ್ ಅನ್ನೋ ಕಪ್ಪು ಹುಡುಗಿ. ಅವಳ ಮನೆಯಿಂದ ಏಳು ಬೀದಿ ದಾಟಿದರೆ ಒಂದು ಶಾಲೆ, ಆದರೆ ಅದು ಬಿಳಿಯರಿಗೆ ಮಾತ್ರ. ಅವಳು ರೈಲ್ವೆ ಯಾರ್ಡ್ ದಾಟಿ, ಬಸ್ ಹಿಡಿದು, ಕಪ್ಪು ಮಕ್ಕಳ ದೂರದ ಶಾಲೆಗೆ ಹೋಗಬೇಕಿತ್ತು. ಅವಳ ಅಪ್ಪ ಆಲಿವರ್ ಬ್ರೌನ್, ಇನ್ನೂ ಕೆಲವು ಪೋಷಕರು ಸೇರಿ 1951ರಲ್ಲಿ ಕೇಸ್ ಹಾಕಿದರು. 1954ರ ಮೇ 17ರಂದು ಅಲ್ಲಿನ ಸುಪ್ರೀಂ ಕೋರ್ಟ್, ಬಣ್ಣ ನೋಡಿ ಶಾಲೆ ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ ಅಂತ ಒಮ್ಮತದಿಂದ ಹೇಳಿತು.

ಇಲ್ಲಿ "ನಮ್ಮ ಮಗುವಿಗೆ ಹತ್ತಿರದ ಶಾಲೆ ಕೊಡಿ" ಅಂತ ಕೇಳಿದ್ದು ಹೊರಗೆ ನಿಂತವರು. ಆ ಮಾತು ಗೇಟು ತೆಗೆಸಿತು.

ಭಾಗ 4/8

ಇಪ್ಪತ್ತು ವರ್ಷ ಕಳೀತು. ಈಗ ಬಾಸ್ಟನ್ ನಗರ. ಅಲ್ಲಿ "ಬಿಳಿಯರಿಗೆ ಮಾತ್ರ" ಅನ್ನೋ ಬೋರ್ಡ್ ಇರಲಿಲ್ಲ. ಆದರೂ ಕಪ್ಪು ಮಕ್ಕಳ ಶಾಲೆ ಬೇರೆ, ಬಿಳಿ ಮಕ್ಕಳ ಶಾಲೆ ಬೇರೆ. ಹೇಗೆ? ಯಾವ ಬೀದಿಯ ಮಕ್ಕಳು ಯಾವ ಶಾಲೆಗೆ ಅನ್ನೋ ಗಡಿಯನ್ನ ಶಾಲಾ ಸಮಿತಿ ಬೇಕೆಂದೇ ಹಾಗೆ ಎಳೆದಿತ್ತು. 1974ರ ಜೂನ್‌ನಲ್ಲಿ ನ್ಯಾಯಾಧೀಶ ಆರ್ಥರ್ ಗ್ಯಾರಿಟಿ ಅದನ್ನೇ ಹೇಳಿ, ಬಸ್ಸಿನಲ್ಲಿ ಮಕ್ಕಳನ್ನ ಅದಲು ಬದಲು ಕಳಿಸಿ ಅಂತ ಆದೇಶ ಕೊಟ್ಟರು.

ಸೆಪ್ಟೆಂಬರ್ 12, ಶಾಲೆ ಶುರುವಾದ ದಿನ. ಕಪ್ಪು ಮಕ್ಕಳಿದ್ದ ಬಸ್ಸುಗಳ ಮೇಲೆ ಕಲ್ಲು ಬಿತ್ತು. ಬೀದಿಗೆ ಇಳಿದವರಲ್ಲಿ ಅಮ್ಮಂದಿರು, ಅಪ್ಪಂದಿರು ಇದ್ದರು. ಅವರ ಬೇಡಿಕೆ ಏನು ಗೊತ್ತಾ? "ನಮ್ಮ ಮಕ್ಕಳಿಗೆ ಹತ್ತಿರದ ಶಾಲೆ ಉಳಿಸಿ."

ಅದೇ ಮಾತು! ಆದರೆ ಈಗ ಅದು ಗೇಟು ಮುಚ್ಚೋಕೆ.

ನ್ಯಾಯವಾಗಿ ಇನ್ನೊಂದು ವಿಷಯವನ್ನೂ ಹೇಳಬೇಕು. ಬಸ್ಸಿನ ಹೊರೆ ಬಿದ್ದಿದ್ದು ಹೆಚ್ಚಾಗಿ ಬಡ ಬಿಳಿಯರ ಮತ್ತು ಬಡ ಕಪ್ಪು ಜನರ ಬೀದಿಗಳ ಮೇಲೆ. ದುಡ್ಡಿದ್ದವರ ಹೊರವಲಯದ ಊರುಗಳು ಅದರಲ್ಲಿ ಇರಲೇ ಇಲ್ಲ. ಅದೇ ವರ್ಷ ಜುಲೈನಲ್ಲಿ ಡೆಟ್ರಾಯ್ಟ್‌ನ ಕೇಸಿನಲ್ಲಿ ಸುಪ್ರೀಂ ಕೋರ್ಟ್, ತಪ್ಪು ಮಾಡಿದ್ದು ಸಾಬೀತಾಗದೆ ಹೊರವಲಯದ ಶಾಲಾ ಜಿಲ್ಲೆಗಳನ್ನ ಇದಕ್ಕೆ ಎಳೆಯುವ ಹಾಗಿಲ್ಲ ಅಂತ 5-4ರ ತೀರ್ಪು ಕೊಟ್ಟಿತ್ತು. ಅದಕ್ಕೆ ಭಿನ್ನಮತ ಬರೆದವರಲ್ಲಿ ಒಬ್ಬರು ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್. ಲಿಂಡಾ ಬ್ರೌನ್ ಕೇಸಿನಲ್ಲಿ ಪೋಷಕರ ಪರ ವಾದ ಮಾಡಿದ್ದ ವಕೀಲರೂ ಇವರೇ.

ಗಡಿ ದಾಟಿ ಮನೆ ಮಾಡೋ ಶಕ್ತಿ ಇದ್ದವರು ದಾಟಿದರು. ಇಲ್ಲದವರು ಪರಸ್ಪರ ಕಲ್ಲು ಹೊಡ್ಕೊಂಡರು.

ಭಾಗ 5/8

ಈಗ ನಮ್ಮ ದೇಶಕ್ಕೆ ವಾಪಸ್ ಬರೋಣ. 1964-66ರ ಕೊಠಾರಿ ಆಯೋಗದ ಹೆಸರನ್ನ ಬಿ.ಇಡಿ. ಓದೋ ಅಕ್ಕ-ಅಣ್ಣಂದಿರ ಬಾಯಲ್ಲಿ ಕೇಳಿರ್ತೀರಿ. ಅದು ನೆರೆಹೊರೆಯ ಶಾಲೆ ಅನ್ನೋ ಕಲ್ಪನೆಯನ್ನ ಮುಂದಿಟ್ಟಿತು. ಒಂದು ಪ್ರದೇಶದ ಎಲ್ಲಾ ಮಕ್ಕಳು ಜಾತಿ, ಧರ್ಮ, ದುಡ್ಡಿನ ಲೆಕ್ಕ ಇಲ್ಲದೆ ಒಂದೇ ಶಾಲೆಯಲ್ಲಿ ಓದಬೇಕು. ತೋಟದ ಮಾಲೀಕರ ಮಗ, ಲೈನ್‌ಮನೆಯ ಮಗಳು, ಅಂಗಡಿಯವರ ಮಗು, ಎಲ್ಲರೂ ಒಂದೇ ಬೆಂಚು. ಇದು ದೇಶದಲ್ಲಿ ಪೂರ್ತಿಯಾಗಿ ಜಾರಿಗೆ ಬರಲೇ ಇಲ್ಲ.

2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಆಯಿತು, 2010ರ ಏಪ್ರಿಲ್ 1ರಿಂದ ಜಾರಿ. 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣ. ಕೇಂದ್ರದ ನಿಯಮದ ಪ್ರಕಾರ 1ರಿಂದ 5ನೇ ತರಗತಿಗೆ ನಡೆದು ಹೋಗುವ 1 ಕಿಲೋಮೀಟರ್ ಒಳಗೆ ಶಾಲೆ, 6ರಿಂದ 8ಕ್ಕೆ 3 ಕಿಲೋಮೀಟರ್. ಭೂಕುಸಿತ, ಪ್ರವಾಹ, ರಸ್ತೆ ಇಲ್ಲದ ಕಷ್ಟದ ಜಾಗ ಇದ್ದರೆ ಆ ಮಿತಿಯನ್ನ ಇನ್ನೂ ಕಡಿಮೆ ಮಾಡಿ ಅಪಾಯ ತಪ್ಪಿಸಬೇಕು ಅಂತಲೂ ಅದೇ ನಿಯಮ ಹೇಳುತ್ತೆ. ಈ ಸಾಲು ಕೊಡಗಿಗೇ ಬರೆದ ಹಾಗಿದೆ ಅಲ್ವಾ?

ಜೊತೆಗೆ ಸೆಕ್ಷನ್ 12(1)(ಸಿ). ಖಾಸಗಿ ಶಾಲೆಗಳು ಪ್ರವೇಶದ ತರಗತಿಯಲ್ಲಿ ಶೇ. 25 ಸೀಟನ್ನ ನೆರೆಹೊರೆಯ ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳಿಗೆ ಕೊಡಬೇಕು. ಖರ್ಚನ್ನ ಸರ್ಕಾರ ತುಂಬಿಕೊಡುತ್ತೆ. ನಾನು ಸೇರಿದ್ದು ಇದರಲ್ಲೇ.

ಭಾಗ 6/8

2012ರ ಏಪ್ರಿಲ್ 12ರಂದು ನಮ್ಮ ಸುಪ್ರೀಂ ಕೋರ್ಟ್ ಈ ಶೇ. 25ರ ನಿಯಮವನ್ನ ಎತ್ತಿಹಿಡಿಯಿತು. ಅನುದಾನ ಪಡೆಯದ ಅಲ್ಪಸಂಖ್ಯಾತ ಶಾಲೆಗಳಿಗೆ ಮಾತ್ರ ವಿನಾಯಿತಿ. ಆ ವರ್ಷವೇ ಕರ್ನಾಟಕದಲ್ಲೂ ಶುರುವಾಯಿತು.

ಜುಲೈನಲ್ಲಿ ಬೆಂಗಳೂರಿನಲ್ಲಿ ಖಾಸಗಿ ಶಾಲೆಗಳ ಒಂದು ಸಂಘ ಇದನ್ನ ವಿರೋಧಿಸಿ ಶಾಲೆ ಮುಚ್ಚುವ ಕರೆ ಕೊಟ್ಟಿತು. ಆಗ ಕೇಳಿಬಂದ ವಾದ ನಿಮಗೆ ಈಗಾಗಲೇ ಪರಿಚಯ: ಇವರನ್ನ ಸೇರಿಸಿದ್ರೆ ಫೀಸ್ ಕಟ್ಟೋ ಪೋಷಕರು ಏನಂತಾರೆ? ಅದೇ ದಿನಗಳಲ್ಲಿ ನಗರದ ಒಂದು ಶಾಲೆಯಲ್ಲಿ ಆರ್‌ಟಿಇ ಮಕ್ಕಳನ್ನ ಗುರುತಿಸೋಕೆ ಅವರ ತಲೆಗೂದಲಲ್ಲಿ ಸ್ವಲ್ಪ ಕತ್ತರಿಸಿದ್ದಾರೆ ಅನ್ನೋ ಆರೋಪ ಬಂದು ರಾಜ್ಯದ ತುಂಬ ಸುದ್ದಿಯಾಯಿತು. 1856ರಿಂದ 2012ಕ್ಕೆ ಎಷ್ಟು ವರ್ಷ? 156.

ನನ್ನ ಅನುಭವ ಅಷ್ಟು ಕೆಟ್ಟದ್ದಲ್ಲ. ಯಾರೂ ಬೈದಿಲ್ಲ. ಆದರೆ ಮೂರನೇ ಕ್ಲಾಸಲ್ಲಿ ಒಬ್ಬ ಫ್ರೆಂಡ್ ಬರ್ತ್‌ಡೇಗೆ ಎಲ್ಲರನ್ನೂ ಮನೆಗೆ ಕರೆದ, ನನ್ನ ಬಿಟ್ಟು. ಅವನ ಅಮ್ಮ ಬೇಡ ಅಂದಿದ್ರಂತೆ. ಅವನೇ ಮರುದಿನ ಬಂದು ಹೇಳಿದ, ಜೇಬಿಂದ ಎರಡು ಚಾಕ್ಲೆಟ್ ತೆಗೆದು ಕೊಟ್ಟ. ಅವನು ಇವತ್ತಿಗೂ ನನ್ನ ಬೆಸ್ಟ್ ಫ್ರೆಂಡ್. ಈ ಪೋಸ್ಟ್ ಅವನೂ ಓದ್ತಿರ್ತಾನೆ. ದೊಡ್ಡವರು ಗೆರೆ ಎಳೆದಿದ್ರು, ಒಂದೇ ಬೆಂಚಲ್ಲಿ ಕೂತಿದ್ದಕ್ಕೆ ಅವನು ಅದನ್ನ ದಾಟಿ ಬಂದ.

ಭಾಗ 7/8

ಈಗ ತಂಗಿಯ ಯೂನಿಫಾರ್ಮ್ ವಿಷಯ.

2018ರ ಕೊನೆಯಲ್ಲಿ ಕರ್ನಾಟಕ ಸರ್ಕಾರ ತನ್ನ ಆರ್‌ಟಿಇ ನಿಯಮ ತಿದ್ದಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ, ಅಲ್ಲಿನ ಅನುದಾನರಹಿತ ಖಾಸಗಿ ಶಾಲೆ ಶೇ. 25 ಸೀಟು ಕೊಡಬೇಕಿಲ್ಲ. ನೆರೆಹೊರೆ ಅಂದರೆ ಏನು? ಹಳ್ಳಿ ಕಡೆ ಗ್ರಾಮದ ಗಡಿ, ದೊಡ್ಡ ನಗರದಲ್ಲಿ ವಾರ್ಡ್. ಸರ್ಕಾರಿ ಶಾಲೆ ಇಲ್ಲದ ಗ್ರಾಮ ಎಷ್ಟಿರಬಹುದು, ನೀವೇ ಯೋಚಿಸಿ. ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚಿದ್ದ ಆರ್‌ಟಿಇ ಸೀಟು 2019-20ರಲ್ಲಿ ಸುಮಾರು 17 ಸಾವಿರಕ್ಕೆ ಇಳಿಯಿತು.

ಪೋಷಕರು ಎರಡು ಭಾಗ ಆದರು. ಒಂದು ಕಡೆ ನಮ್ಮ ಅಪ್ಪನಂಥವರು: ದೊಡ್ಡವನಿಗೆ ಸಿಕ್ಕಿದ್ದು ಚಿಕ್ಕವಳಿಗೆ ಯಾಕಿಲ್ಲ? ಆರ್‌ಟಿಇ ವಿದ್ಯಾರ್ಥಿಗಳ ಮತ್ತು ಪೋಷಕರ ಸಂಘ ಹೈಕೋರ್ಟಿಗೆ ಹೋಯಿತು. ಇನ್ನೊಂದು ಕಡೆ ಸರ್ಕಾರಿ ಶಾಲೆಯ ಪೋಷಕರು, ಮೇಷ್ಟ್ರುಗಳು: ಸರ್ಕಾರವೇ ದುಡ್ಡು ಕೊಟ್ಟು ಮಕ್ಕಳನ್ನ ಖಾಸಗಿಗೆ ಕಳಿಸಿದ್ರೆ ನಮ್ಮ ಶಾಲೆ ಉಳಿಯೋದು ಹೇಗೆ? ಈ ಮಾತನ್ನ ಸುಮ್ಮನೆ ತಳ್ಳಿಹಾಕೋಕೆ ಆಗಲ್ಲ. ಕೊಡಗಿನ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. 2019ರ ಮೇ ಕೊನೆಯಲ್ಲಿ ಹೈಕೋರ್ಟ್ ತಿದ್ದುಪಡಿಯನ್ನ ಎತ್ತಿಹಿಡಿಯಿತು.

ಪಕ್ಕದ ಮಹಾರಾಷ್ಟ್ರ 2024ರ ಫೆಬ್ರವರಿಯಲ್ಲಿ ಇಂಥದ್ದೇ ನಿಯಮ ತಂದಿತು, 1 ಕಿಲೋಮೀಟರ್ ಲೆಕ್ಕದಲ್ಲಿ. ಜುಲೈನಲ್ಲಿ ಬಾಂಬೆ ಹೈಕೋರ್ಟ್ ಅದನ್ನ ರದ್ದು ಮಾಡಿತು, ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನ ಉಳಿಸಿತು. ಒಂದೇ ಕಾಯ್ದೆ, ಎರಡು ರಾಜ್ಯ, ಎರಡು ಉತ್ತರ.

ಭಾಗ 8/8

ಹಾಗಾದ್ರೆ ತಂಗಿ ಏನಾದಳು? ಚೆನ್ನಾಗಿದ್ದಾಳೆ. ಅವಳ ಟೀಚರ್ ನನ್ನ ಟೀಚರಿಗಿಂತ ಚೆನ್ನಾಗಿ ಗಣಿತ ಹೇಳಿಕೊಟ್ಟಿದ್ದಾರೆ, ಇದನ್ನ ಒಪ್ಪಲೇಬೇಕು. ಸರ್ಕಾರಿ ಶಾಲೆ ಕೆಟ್ಟದ್ದು ಅಂತ ಹೇಳೋಕೆ ನಾನು ಇದನ್ನ ಬರೀತಿಲ್ಲ.

ಅವಳ ಕ್ಲಾಸಲ್ಲಿ ಇರೋರೆಲ್ಲ ನಮ್ಮಂಥ ಮನೆಯವರೇ. ತೋಟದ ಲೈನ್‌ಮನೆಯವರು, ಯರವ ಹಾಡಿಯವರು, ಡ್ರೈವರ್, ಕೂಲಿ ಮಾಡೋರ ಮಕ್ಕಳು. ಬೆಳಿಗ್ಗೆ ಹಳದಿ ವ್ಯಾನುಗಳು ಅವಳ ಶಾಲೆಯ ಮುಂದೆಯೇ ಹಾದು ಹೋಗ್ತವೆ, ಕೆಲವು ಮಕ್ಕಳು ಹತ್ತು ಹದಿನೈದು ಕಿಲೋಮೀಟರ್ ದೂರದಿಂದ ಬಂದು ಇನ್ನೂ ಮುಂದಕ್ಕೆ ಹೋಗ್ತಾರೆ. ಅವರ ಪೋಷಕರಿಗೆ "ಹತ್ತಿರದ ಶಾಲೆಗೇ ಸೇರಿಸಿ" ಅಂತ ಯಾವ ನಿಯಮವೂ ಹೇಳಲ್ಲ. ಹತ್ತಿರ ಅನ್ನೋ ನಿಯಮ ಫೀಸ್ ಕಟ್ಟೋಕೆ ಆಗದವರಿಗೆ ಮಾತ್ರ. ಕೊಠಾರಿ ಆಯೋಗ ಎಲ್ಲರಿಗೂ ಹೇಳಿದ ಮಾತು ಕೊನೆಗೆ ಬಡವರಿಗೆ ಮಾತ್ರ ಅನ್ವಯ ಆಯಿತು. ನನಗೆ ಕಾಡೋದು ಇದೊಂದೇ.

ಇನ್ನು ನಮ್ಮ ಕಡೆಯ 1 ಕಿಲೋಮೀಟರ್ ಬೇರೆಯೇ. ತಿತಿಮತಿ ಕಡೆಯಿಂದ ಬರೋ ಫ್ರೆಂಡ್ಸ್‌ಗೆ ಗೊತ್ತು, ಬೆಳಿಗ್ಗೆ ತೋಟದಲ್ಲಿ ಆನೆ ಇದ್ರೆ ಆ ಒಂದು ಕಿಲೋಮೀಟರ್ ನಡೆಯೋ ಹಾಗೇ ಇಲ್ಲ. ಜುಲೈನಲ್ಲಿ ತೋಡು ತುಂಬಿದ್ರೂ ಅಷ್ಟೇ. ಮ್ಯಾಪಲ್ಲಿ ಹತ್ತಿರ ಇರೋದು ಕಾಲಿಗೆ ಹತ್ತಿರ ಇರಲ್ಲ. ಮಕ್ಕಳು ಕಮ್ಮಿ ಅಂತ ಸಣ್ಣ ಶಾಲೆಗಳನ್ನ ದೊಡ್ಡ ಶಾಲೆ ಜೊತೆ ಸೇರಿಸೋ ಮಾತು ಬಂದಾಗ ಇದನ್ನೂ ಲೆಕ್ಕ ಹಾಕಬೇಕು.

ಮುಂದಿನ ಸಲ ನಿಮ್ಮೂರಲ್ಲಿ ಶಾಲೆಯ ಬಗ್ಗೆ ಮೀಟಿಂಗ್ ನಡೆದು, ಯಾರಾದ್ರೂ "ಹತ್ತಿರದ ಶಾಲೆ" ಅಂದ್ರೆ, ಎರಡು ಪ್ರಶ್ನೆ ಕೇಳಿ. ಈ ಗೆರೆ ಎಳೆದವರ ಮಕ್ಕಳು ಯಾವ ಶಾಲೆಗೆ ಹೋಗ್ತಾರೆ? ಈ ಗೆರೆಯಿಂದ ಯಾರು ಯಾರ ಪಕ್ಕ ಕೂರೋದು ತಪ್ಪುತ್ತೆ?

ಇವತ್ತು ರಾತ್ರಿ ಅಜ್ಜಿ-ತಾತನ ಹತ್ರ ಕೂತು, ನೀವು ಯಾವ ಶಾಲೆಗೆ ಹೋಗಿದ್ರಿ, ಎಷ್ಟು ದೂರ ನಡೀತಿದ್ರಿ, ಪಕ್ಕದಲ್ಲಿ ಯಾರು ಕೂರ್ತಿದ್ರು ಅಂತ ಕೇಳಿ. ಶಾಲೆಗೇ ಹೋಗಿಲ್ಲ ಅಂದ್ರೆ, ಯಾಕೆ ಅಂತ ಕೇಳಿ. ಉತ್ತರ ನನಗೆ ಮೆಸೇಜ್ ಮಾಡಿ, ಹೆಸರು ಹಾಕದೆ ಮುಂದಿನ ಸರಣಿಯಲ್ಲಿ ಬರೀತೀನಿ.

#ಗೋಣಿಕೊಪ್ಪಲು #ಕೊಡಗು #ನಮ್ಮಶಾಲೆ #ಇತಿಹಾಸ