ಜೀಪಿನ ಒಡಲು, ತವರದ ಬೆಸುಗೆ

ಎರಡನೆಯ ಮಹಾಯುದ್ಧದ ಜೀಪಿನಲ್ಲಿ ಚಾಲಕನು ಕುಳಿತುಕೊಳ್ಳುತ್ತಿದ್ದುದು ಪೆಟ್ರೋಲಿನ ಮೇಲೆಯೇ. ಪೀಠದ ಮೆತ್ತೆಯನ್ನೆತ್ತಿದರೆ ಟ್ಯಾಂಕಿನ ಮುಚ್ಚಳ. ಅದರ ಕೆಳಗೆ, ಗಾಡಿಯ ನೆಲವನ್ನೇ ತಗ್ಗಿಸಿ ಮಾಡಿದ ಗುಂಡಿಯೊಂದರಲ್ಲಿ, 15 ಅಮೆರಿಕನ್ ಗ್ಯಾಲನ್, ಎಂದರೆ ಸುಮಾರು 57 ಲೀಟರು ಹಿಡಿಯುವ ತಗಡಿನ ಪಾತ್ರೆ. ಇಂಧನ ತುಂಬುವಾಗಲೆಲ್ಲ ಚಾಲಕನು ಎದ್ದು ನಿಲ್ಲಲೇಬೇಕು. 1940ರಲ್ಲಿ ಅಮೆರಿಕದ ಸೈನ್ಯವು, ಹಗುರವೂ ಗಟ್ಟಿಯೂ ಆಗಿ ನಾಲ್ಕು ಚಕ್ರಗಳಿಂದಲೂ ಎಳೆಯಬಲ್ಲ ವಾಹನವೊಂದು ತತ್‌ಕ್ಷಣವೇ ಬೇಕೆಂದು ಕೇಳಿದಾಗ, ಪೆನ್ಸಿಲ್ವೇನಿಯದ ಬಟ್ಲರ್ ಪಟ್ಟಣದ ಬ್ಯಾಂಟಮ್ ಕಂಪನಿಯು ಮೊದಲ ಮಾದರಿಯನ್ನು ಕಟ್ಟಿಕೊಟ್ಟಿತು. ಆಮೇಲೆ ಟೊಲೀಡೊ ನಗರದ ವಿಲ್ಲಿಸ್ ಕಂಪನಿಯೂ ಫೋರ್ಡ್ ಕಂಪನಿಯೂ ಸೇರಿ 1945ರೊಳಗೆ ಆರು ಲಕ್ಷಕ್ಕೂ ಮಿಕ್ಕ ಜೀಪುಗಳನ್ನು ರಣರಂಗಕ್ಕೆ ಕಳುಹಿಸಿದುವು. ಇಂದು ಗುಂಡೇಟಿಗೋ ನೆಲಬಾಂಬಿಗೋ ಸಿಕ್ಕಿ ನಾಳೆ ಇಲ್ಲವಾಗಬಹುದಾದ ಗಾಡಿಯ ಟ್ಯಾಂಕು ಎಪ್ಪತ್ತೆಂಬತ್ತು ವರ್ಷಗಳ ತರುವಾಯ ಎಲ್ಲಿ ಸೋರೀತು ಎಂಬ ಚಿಂತೆ ಅದನ್ನು ನಿರ್ಮಿಸಿದವರಿಗೆ ಏಕೆ ಬಂದೀತು? ಆ ಚಿಂತೆಯನ್ನು ಹೊತ್ತವರು ಬೇರೆಯ ದೇಶದ, ಬೇರೆಯ ವಿದ್ಯೆಯ ಜನ. ಅವರನ್ನು ಕುರಿತು ಒಂದೆರಡು ಮಾತು ಬರೆದಿಡಬೇಕೆಂಬುದು ನನ್ನ ಬಹುದಿನದ ಆಸೆ.

ಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪುಗಳು ಹರಾಜಿನಲ್ಲಿ ಸಾಮಾನ್ಯರ ಕೈಸೇರಿದುವು. 1940ರ ದಶಕ ಮುಗಿಯುವುದರೊಳಗೆ ಮಹೀಂದ್ರಾ ಕಂಪನಿಯು ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿತು. ಹೊಸ ಮಾದರಿಗಳಲ್ಲಿ ಪೆಟ್ರೋಲು ಹೊಯ್ಯುವ ಬಾಯಿ ಗಾಡಿಯ ಪಕ್ಕಕ್ಕೆ ಬಂದಿತು. ಟ್ಯಾಂಕು ಮಾತ್ರ ಚಾಲಕನ ಪೀಠದ ಕೆಳಗೇ ಉಳಿಯಿತು. ಎತ್ತಿನ ಗಾಡಿಗೂ ಪ್ರಯಾಸವಾದ ಏರುಗಳಲ್ಲಿ ಗೊಬ್ಬರವನ್ನೂ ಆಳುಗಳನ್ನೂ ಕಾಫಿಯ ಮೂಟೆಗಳನ್ನೂ ಹೊತ್ತು ನಡೆಯಬಲ್ಲ ಈ ವಾಹನವು ಕೊಡಗಿನಲ್ಲಿ, ಸಕಲೇಶಪುರದಲ್ಲಿ, ಚಿಕ್ಕಮಗಳೂರಿನ ಗಿರಿಶ್ರೇಣಿಯಲ್ಲಿ ಮನೆಯ ಮಗನಾಗಿ ನೆಲಸಿತು. ಇಂದಿಗೂ ಕೊಡಚಾದ್ರಿಯ ನೆತ್ತಿಗೆ ಯಾತ್ರಿಕರನ್ನು ಕೊಂಡೊಯ್ಯುವುದು ಅದೇ ವಂಶದ ಗಾಡಿ.

ಆದರೆ ಮರುಭೂಮಿಯ ಧೂಳನ್ನು ಜಯಿಸಿದ ಟ್ಯಾಂಕು ಮಲೆನಾಡಿನ ಮಳೆಯನ್ನು ಜಯಿಸಲಾರದೆ ಹೋಯಿತು. ಇದಕ್ಕೆ ಕಾರಣವನ್ನು ಹುಡುಕುವವನು ಆ ಗುಂಡಿಯನ್ನು ಮೊದಲು ನೋಡಬೇಕು. ಚಾಲಕನ ಕಾಲಿನ ಕೆಸರು, ತೊಟ್ಟಿಕ್ಕುವ ಮಳೆಯ ನೀರು, ತರಗೆಲೆಯ ಪುಡಿ ಎಲ್ಲವೂ ಇಳಿದು ಸೇರುವುದು ಅಲ್ಲಿಗೆ. ನೀರು ಹರಿದುಹೋಗಲೆಂದು ಬಿಟ್ಟ ರಂಧ್ರಗಳು ಕೆಸರಿನಿಂದ ಮುಚ್ಚಿಹೋದರೆ ಟ್ಯಾಂಕಿನ ತಳವು ಆಷಾಢದಿಂದ ಭಾದ್ರಪದದ ವರೆಗೆ ಒದ್ದೆಯಲ್ಲಿಯೇ ನಿಂತಿರುವುದು. ಟ್ಯಾಂಕನ್ನು ಬಿಗಿಹಿಡಿಯುವ ಲೋಹದ ಪಟ್ಟಿಗಳ ಕೆಳಗೆ, ತಗಡಿಗೆ ತಗಡು ಉಜ್ಜದಿರಲೆಂದು ಇಟ್ಟ ಬಟ್ಟೆಯ ಪದರವು ಆ ತೇವವನ್ನು ಹೀರಿಕೊಂಡು, ಹೊರಗೆಲ್ಲ ಒಣಗಿದ ಮೇಲೂ ತನ್ನೊಳಗೆ ಕಾಪಿಟ್ಟುಕೊಳ್ಳುವುದು. ಆದುದರಿಂದಲೇ ಪಟ್ಟಿಯನ್ನು ಬಿಚ್ಚಿದಾಗ ಅದರ ಉದ್ದಗಲಕ್ಕೆ ಸರಿಯಾಗಿ ತುಕ್ಕಿನ ಬರೆ ಕಾಣುವುದು. ಇದು ಹೊರಗಿನ ಶತ್ರುವಾಯಿತು. ಒಳಗಿನ ಶತ್ರು ಇನ್ನೂ ಸೂಕ್ಷ್ಮವಾದುದು. ಅರ್ಧ ಬರಿದಾದ ಟ್ಯಾಂಕಿನ ಗಾಳಿಯಲ್ಲಿರುವ ತೇವವು ರಾತ್ರಿಯ ಚಳಿಗೆ ಹನಿಗಟ್ಟಿ, ಪೆಟ್ರೋಲಿಗಿಂತ ಭಾರವಾದುದರಿಂದ ತಳಕ್ಕಿಳಿದು, ಅಲ್ಲಿಂದಲೇ ತಗಡನ್ನು ತಿನ್ನತೊಡಗುವುದು. ಒಳಗಿನಿಂದಲೂ ಹೊರಗಿನಿಂದಲೂ ಸವೆಸಿದ ತುಕ್ಕು ಎಲ್ಲಿ ಸಂಧಿಸುವುದೋ ಅಲ್ಲಿ ಸೂಜಿಮೊನೆಯಷ್ಟು ರಂಧ್ರ. ಪೀಠದ ಕೆಳಗೆ ಪೆಟ್ರೋಲಿನ ವಾಸನೆ.

ಈ ರಂಧ್ರವನ್ನು ಮುಚ್ಚುವ ವಿದ್ಯೆ ಜೀಪಿನೊಡನೆ ಅಮೆರಿಕದಿಂದ ಬಂದುದಲ್ಲ. ಅದು ಅದಕ್ಕೆ ಮೊದಲೇ ನಮ್ಮ ಪೇಟೆಬೀದಿಗಳಲ್ಲಿ ಸೀಮೆಎಣ್ಣೆಯ ಡಬ್ಬದ ರೂಪದಲ್ಲಿ ಬೆಳೆದು ಪಕ್ವವಾಗಿದ್ದಿತು. ನಾಲ್ಕು ಗ್ಯಾಲನ್ ಹಿಡಿಯುವ, ನಾಲ್ಕು ಮೂಲೆಯ ಆ ಡಬ್ಬವು ಎಣ್ಣೆ ಬರಿದಾದ ಮೇಲೆ ನೀರಿನ ಪಾತ್ರೆಯಾಗಿ, ಅಕ್ಕಿಯ ಸೇರಾಗಿ, ಆಲಿಕೆಯಾಗಿ, ಚಿಮಣಿ ಬುಡ್ಡಿಯಾಗಿ ಎಷ್ಟು ಜನ್ಮಗಳನ್ನೆತ್ತಿತೆಂಬುದನ್ನು ಹಿಂದಿನ ತಲೆಮಾರಿನವರು ಬಲ್ಲರು. ಆ ಜನ್ಮಗಳನ್ನು ಕೊಡುತ್ತಿದ್ದವನು ಡಬ್ಬದ ಕೆಲಸದವನು. ಅವನ ನೆರೆಯವನೇ ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವನು. ಇದೇ ಅಳತೆಯ ತೆಳು ತಗಡಿನ ಡಬ್ಬಗಳಲ್ಲಿಯೇ ಬ್ರಿಟಿಷ್ ಸೈನ್ಯವು ಉತ್ತರ ಆಫ್ರಿಕದ ಮರುಭೂಮಿಗೆ ಪೆಟ್ರೋಲನ್ನು ಸಾಗಿಸಿತು. ಅವು ಸಂದುಸಂದಿನಲ್ಲಿಯೂ ಸೋರಿ, ನೆಲೆಯಿಂದ ಹೊರಟ ಪೆಟ್ರೋಲಿನಲ್ಲಿ ನೂರಕ್ಕೆ 30 ಭಾಗ ಬಳಸುವವರನ್ನು ಮುಟ್ಟುವ ಮೊದಲೇ ನಷ್ಟವಾಗುತ್ತಿತ್ತೆಂದು ಸೇನಾಪತಿ ಆಕಿನ್‌ಲೆಕ್ ಅಂದಾಜು ಮಾಡಿದ್ದನು. ಜರ್ಮನರ 20 ಲೀಟರಿನ ಗಟ್ಟಿ ಕ್ಯಾನನ್ನು ನೋಡಿ ಇವರೂ ಅದರಂತೆಯೇ ಮಾಡಿಸಿಕೊಂಡದ್ದು ಆ ಮೇಲಿನ ಮಾತು. ಸಾಮ್ರಾಜ್ಯದ ಸೈನ್ಯವನ್ನು ಅಷ್ಟು ಕಾಡಿದ ಆ ಸೋರುವ ಸಂದು, ನಮ್ಮ ಡಬ್ಬದ ಕೆಲಸದವನಿಗೆ ದಿನನಿತ್ಯದ ಪಾಠವಾಗಿದ್ದಿತು.

ಅವನ ಸಾಮಗ್ರಿಯಾದರೋ ಅತಿ ಪುರಾತನವಾದುದು. ತವರಕ್ಕೆ ಸಂಸ್ಕೃತದಲ್ಲಿ ತ್ರಪು ಎಂದು ಹೆಸರು. ಯಜುರ್ವೇದವು ಲೋಹಗಳನ್ನು ಎಣಿಸುವಲ್ಲಿ ಸೀಸ ಮತ್ತು ತ್ರಪು ಎರಡನ್ನೂ ಒಂದರ ಪಕ್ಕದಲ್ಲೊಂದಾಗಿ ಇರಿಸಿದೆ. ಇವೆರಡನ್ನೂ ಬೆರೆಸಿ ಬೆಸೆಯುವ ವಿಧಾನವನ್ನು ರೋಮನ್ ಲೇಖಕ ಪ್ಲಿನಿಯು ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಹೇಳಿದ್ದಾನೆ. ತವರವು 232 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಸೀಸವು 327 ಡಿಗ್ರಿಯಲ್ಲಿ ಕರಗುವುದು. ಆದರೆ ತಕ್ಕ ಪ್ರಮಾಣದಲ್ಲಿ ಕೂಡಿದಾಗ ಎರಡೂ ತಮ್ಮ ಮೊಂಡುತನವನ್ನು ಬಿಟ್ಟು ಕೇವಲ 183 ಡಿಗ್ರಿಯಲ್ಲಿಯೇ ನೀರಾಗುವುವು. ಪ್ರಕೃತಿಯ ಈ ಸೌಜನ್ಯವನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುವುದು. ಹಳೆಯ ಪೆಟ್ರೋಲ್ ಟ್ಯಾಂಕುಗಳ ಉಕ್ಕಿನ ತಗಡಿಗೂ ತುಕ್ಕು ತಡೆಯಲೆಂದು ಸಾಮಾನ್ಯವಾಗಿ ಇವೇ ಎರಡು ಲೋಹಗಳ, ಸೀಸ ಹೆಚ್ಚಾಗಿ ತವರ ಕಡಮೆಯಾದ, ಲೇಪವನ್ನು ಕೊಡುತ್ತಿದ್ದರು. ಆದ್ದರಿಂದ ಪೇಟೆಯ ಬೆಸುಗೆಗಾರನು ಟ್ಯಾಂಕಿನ ಮೈಯನ್ನು ಕೆರೆದು ನೋಡಿದಾಗ ಅವನಿಗೆ ಎದುರಾದದ್ದು ಅಪರಿಚಿತ ಲೋಹವಲ್ಲ, ತನ್ನದೇ ಬೆಸುಗೆಯ ಬಂಧು.

ಆ ಕೆಲಸವನ್ನು ನಾನು ಚಿಕ್ಕಮಗಳೂರು ಸೀಮೆಯ ಪೇಟೆಯೊಂದರಲ್ಲಿ, ಸ್ನೇಹಿತರೊಬ್ಬರ ಜೀಪಿನ ನಿಮಿತ್ತವಾಗಿ, ಎರಡು ದಿನ ಕುಳಿತು ನೋಡಿದೆ. ವೃದ್ಧರಾದ ಆ ಬೆಸುಗೆಗಾರರ ತಂದೆ ಕಲಾಯಿಯವರು; ಇವರು ಕಲಾಯಿಯಿಂದ ಡಬ್ಬಕ್ಕೂ ಡಬ್ಬದಿಂದ ರೇಡಿಯೇಟರಿಗೂ ಟ್ಯಾಂಕಿಗೂ ಬಂದವರು. ಮೊದಲನೆಯ ದಿನವೆಲ್ಲ ಅವರು ಬೆಂಕಿಯನ್ನೇ ಹೊತ್ತಿಸಲಿಲ್ಲ. ಉಳಿದ ಪೆಟ್ರೋಲನ್ನು ಇಳಿಸಿದರು. ಅಳತೆಯ ಯಂತ್ರವನ್ನು ಕಳಚಿದರು. ಕುದಿಯುವ ನೀರಿಗೆ ವಾಷಿಂಗ್ ಸೋಡಾ ಬೆರೆಸಿ ಟ್ಯಾಂಕಿಗೆ ಹೊಯ್ದು ಕುಲುಕಿ ಚೆಲ್ಲಿದರು, ಮತ್ತೆ ಹೊಯ್ದರು, ಮತ್ತೆ ಚೆಲ್ಲಿದರು. ತುಂಬಿದ ಟ್ಯಾಂಕಿಗಿಂತ ಬರಿದಾದ ಟ್ಯಾಂಕು ಭಯಂಕರವಾದುದೆಂದು ಅವರು ಹೇಳಿದಾಗ, ಗಾಳಿಯಲ್ಲಿ ಪೆಟ್ರೋಲಿನ ಆವಿಯು ನೂರಕ್ಕೆ ಒಂದೂವರೆ ಭಾಗದಷ್ಟಿದ್ದರೂ ಕಿಡಿ ಸೋಕಿದೊಡನೆ ಸಿಡಿಯುವುದೆಂಬ ಪುಸ್ತಕದ ಮಾತು ನನಗೆ ಮೊದಲ ಬಾರಿಗೆ ಅರ್ಥವಾಯಿತು. ತುಕ್ಕಿನ ಚಕ್ಕೆಗಳ ಸಂದಿನಲ್ಲಿ, ಮಡಿಸಿದ ಅಂಚಿನಲ್ಲಿ ಅಡಗಿದ ಒಂದು ಹನಿಯು, ಬಿಸಿ ತಾಗಿದಾಗ ಮತ್ತೆ ಆವಿಯಾಗಿ ಪಾತ್ರೆಯನ್ನು ತುಂಬಬಲ್ಲುದು. ತಾವು ಮೂಗಿನ ಸಾಕ್ಷಿಯನ್ನು ನಂಬುವುದಿಲ್ಲವೆಂದರು.

ಎರಡನೆಯ ದಿನ ರಂಧ್ರವಿದ್ದ ಮೈಯನ್ನು ಮೇಲೆ ಮಾಡಿ, ಅದರ ಕೆಳಗೆ ಅಂಗುಲದಷ್ಟು ಎಡೆ ಉಳಿಯುವಂತೆ ಟ್ಯಾಂಕಿಗೆ ನೀರು ತುಂಬಿಸಿದರು. ಆವಿಗೆ ನಿಲ್ಲಲು ಇಂಬೇ ಇರಬಾರದು. ಇದ್ದಲಿನ ಒಲೆ ಅಂಗಳದ ಆಚೆಯ ಕೊನೆಯಲ್ಲಿ. ಅಲ್ಲಿ ಕಾದ ತಾಮ್ರದ ಕಾವಿಯು ಮಾತ್ರ ಟ್ಯಾಂಕಿನ ಬಳಿಗೆ ಬರುವುದು, ಜ್ವಾಲೆ ಬರಕೂಡದು. ಲವಣಾಮ್ಲಕ್ಕೆ ಹಳೆಯ ಟಾರ್ಚ್ ಸೆಲ್ಲಿನ ಸತುವಿನ ಕವಚವನ್ನು ತುಂಡುಮಾಡಿ ಹಾಕಿ, ನೊರೆಯಾಡುವುದು ನಿಲ್ಲುವ ತನಕ ಕಾದು, ಆ ದ್ರವವನ್ನು ಕೋಳಿಯ ಗರಿಯಿಂದ ತಗಡಿಗೆ ಸವರಿದರು. ಕಾವಿಯ ಮೂತಿಯನ್ನು ನವಸಾಗರದ ಗಟ್ಟಿಗೆ ತಿಕ್ಕಿದಾಗ ಬಿಳಿಯ ಹೊಗೆಯೆದ್ದು ತಾಮ್ರವು ತೊಳೆದಂತಾಯಿತು. ಬಳಿಕ ತವರದ ಕಡ್ಡಿ ಕರಗಿ, ಬೆಳ್ಳಿಯ ಹಾಳೆಯಂತೆ ಹರಡಿ, ಸಂದಿನೊಳಕ್ಕೆ ತಾನಾಗಿಯೇ ಹೊಕ್ಕಿತು. ಸವೆದು ಹಾಳೆಯಾದ ಕಡೆಯಲ್ಲಿ ಬರಿಯ ಬೆಸುಗೆ ನಿಲ್ಲದೆಂದು, ಒಳಮೈಗೆ ತವರ ಹಚ್ಚಿದ ತೇಪೆಯೊಂದನ್ನು ಇಟ್ಟು ಅಂಚನ್ನು ಮುಚ್ಚಿದರು.

ಘಾಟಿಯ ನಡುದಾರಿಯಲ್ಲಿ ಸೋರಿದವನಿಗೆ ಇಷ್ಟು ಅವಕಾಶವೆಲ್ಲಿ? ಅವನಿಗೆ ಬಟ್ಟೆಯ ಸೋಪೇ ಗತಿ. ಸೋಪು ಪೆಟ್ರೋಲಿನಲ್ಲಿ ಕರಗದು. ಬಿರುಕಿಗೆ ಒತ್ತಿ ತಿಕ್ಕಿದರೆ ಪೇಟೆ ಸೇರುವ ತನಕ ನಿಲ್ಲುವುದು. ಈಗ ಎಂ-ಸೀಲ್ ಬಂದಿದೆ. ಟ್ಯಾಂಕಿನೊಳಗೆ ಹೊಯ್ದು ಪದರಗಟ್ಟಿಸುವ ರಾಸಾಯನಿಕ ಲೇಪಗಳೂ ಬಂದಿವೆ. ತುಕ್ಕನ್ನು ಪೂರ್ತಿಯಾಗಿ ತೆಗೆಯದೆ ಹೊಯ್ದ ಲೇಪವು ಮುಂದೆ ಸುಲಿದು ಪೆಟ್ರೋಲಿನ ನಳಿಗೆಯನ್ನೇ ಕಟ್ಟುವುದರಿಂದ, ಬೆಸುಗೆಯೇ ಮೇಲೆಂದು ನನ್ನ ಅಭಿಪ್ರಾಯ. ಸೀಸದ ಹೊಗೆಯನ್ನು ಬಾಳಿಡೀ ಉಸಿರಾಡಿದ ಈ ಕುಶಲಿಗಳ ಆರೋಗ್ಯವನ್ನು ವಿಚಾರಿಸಿದವರು ವಿರಳವೆಂಬುದನ್ನೂ ಇಲ್ಲಿಯೇ ಹೇಳಬೇಕು. ಅದು ನನ್ನನ್ನು ನೋಯಿಸುವ ಸಂಗತಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಉದ್ಘಾಟನೆಯಾದ, ನೂರಕ್ಕೆ 20 ಭಾಗ ಎಥನಾಲ್ ಬೆರೆತ ಪೆಟ್ರೋಲು ನೀರನ್ನು ಸೆಳೆದುಕೊಳ್ಳುವ ಸ್ವಭಾವದ್ದಾದುದರಿಂದ, ಹಳೆಯ ಟ್ಯಾಂಕುಗಳಿಗೆ ಹೊಸದೊಂದು ಮಳೆಗಾಲವೇ ಒಳಗಿನಿಂದ ಪ್ರಾಪ್ತವಾಗಿದೆ.

ಸ್ನೇಹಿತರ ಟ್ಯಾಂಕಿನ ಬಣ್ಣವನ್ನು ಕೆರೆದಾಗ ಹಿಂದಿನ ಕಾಲದ ತೇಪೆಗಳು ಮೂರು ಕಂಡುವು. ಅವುಗಳಲ್ಲಿ ಒಂದು ಡಬ್ಬದ ತಗಡಿನದು. ಡಬ್ಬದ ಮಡಿಕೆಯ ಗೆರೆ ಅದರ ಮೇಲೆ ಹಾಗೆಯೇ ಉಳಿದಿತ್ತು. ವೃದ್ಧರು ಅದರ ಅಂಚಿನ ಮೇಲೆ ಬೆರಳಾಡಿಸಿ, ಇದು ಸೋರುತ್ತಿಲ್ಲ, ಇದನ್ನು ಮುಟ್ಟುವುದು ಬೇಡವೆಂದು ಬಿಟ್ಟುಬಿಟ್ಟರು. ಸಂಜೆ ಟ್ಯಾಂಕಿನ ನೀರನ್ನು ಚೆಲ್ಲಿ ಒಣಗಿಸಿ, ಹೊರಮೈಗೆಲ್ಲ ಸೀಮೆಸುಣ್ಣದ ನೀರನ್ನು ಬಳಿದು, ಒಳಗೆ ಸೀಮೆಎಣ್ಣೆ ತುಂಬಿಸಿ ಹಲಗೆಯ ಮೇಲಿಟ್ಟರು. ರಂಧ್ರವೇನಾದರೂ ಉಳಿದಿದ್ದರೆ ಬಿಳಿಯ ಮೇಲೆ ಕಪ್ಪು ಕಲೆಯಾಗಿ ಎಣ್ಣೆ ಒಸರುವುದು. ಮರುದಿನ ಬೆಳಗ್ಗೆ ಬಾಗಿಲು ತೆರೆದು ನಾವು ಮೂವರೂ ಬಾಗಿ ನೋಡಿದೆವು. ಸುಣ್ಣ ಬೆಳ್ಳಗೇ ಇದ್ದಿತು.